ನಾಲ್ಕಡಿ ಪಟ್ಟಿಯಲ್ಲಿ ಮೂವತ್ಮೂರು ಗಿಡ

ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎದ್ದ ಮೇಲೆ ಮಣ್ಣು ಉಳಿಯುವುದು ಕಾಂಪೌಂಡ್ ಪಕ್ಕದಲ್ಲಿ ಮಾತ್ರ. ಇಪ್ಪತ್ತಡಿ ಉದ್ದ, ನಾಲ್ಕಡಿ ಅಗಲದ ಪಟ್ಟಿ ಸಿಕ್ಕರೆ ಪುಣ್ಯ. ಅಷ್ಟರಲ್ಲೇ ವರ್ಷವಿಡೀ ಏನಾದರೊಂದು ಹೂ ಇರುವ ತೋಟ ಮಾಡಬಹುದು. ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಮಾಡಿದ್ದೇನೆ, ಬೀದಿಯ ಇನ್ನೂ ಕೆಲವು ಮನೆಗಳಲ್ಲಿ ಜೊತೆಗೆ ನಿಂತು ನೆಡಿಸಿದ್ದೇನೆ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಭಾನುವಾರಕ್ಕೊಂದು ಗಿಡ ತರಬೇಡಿ. ಮೊದಲು ಬಂದದ್ದು ಬಿಸಿಲು ಹಿಡಿದು ಹರಡಿಕೊಳ್ಳುತ್ತದೆ, ಆಮೇಲೆ ಬಂದದ್ದು ಸೊರಗುತ್ತದೆ. ಪೊದೆಗಿಡ, ಹಲವು ವರ್ಷ ಬಾಳುವ ಹೂಗಿಡ ಎಲ್ಲವನ್ನೂ ಒಟ್ಟಿಗೆ ಯೋಚಿಸಿ, ಒಟ್ಟಿಗೆ ನೆಡಿ.

ಮೊದಲು ಬಿಸಿಲು ನೋಡಿ. ನಮ್ಮೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಮನೆಯ ಉತ್ತರದ ಪಟ್ಟಿಗೆ ಜೂನ್‌ನಲ್ಲಿ ಬಿಸಿಲು, ಡಿಸೆಂಬರಿನಲ್ಲಿ ಮನೆಯದೇ ನೆರಳು. ಬೇಸಿಗೆಯ ಬಿಸಿಲು ನಂಬಿ ಅಲ್ಲಿ ದಾಸವಾಳ ನೆಟ್ಟರೆ ಚಳಿಗಾಲಕ್ಕೆ ಮೊಗ್ಗು ಕಾಣುವುದು ಕಷ್ಟ. ದಾಸವಾಳ, ದುಂಡುಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ನಂದಿಬಟ್ಟಲು, ಕನಕಾಂಬರ ಅರ್ಧ ನೆರಳಿಗೂ ಒಗ್ಗಿಕೊಳ್ಳುತ್ತವೆ.

ಇನ್ನು ಮಣ್ಣು. ದಯವಿಟ್ಟು ಇದಕ್ಕೆ ಅವಸರ ಮಾಡಬೇಡಿ. ಗೋಡೆ ಪಕ್ಕ ಅಗೆದರೆ ಸಿಗುವುದು ಮಣ್ಣಲ್ಲ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಜಲ್ಲಿ. ಸಿಮೆಂಟಿನ ಸುಣ್ಣದ ಅಂಶ ಮಣ್ಣನ್ನು ಕ್ಷಾರ ಮಾಡುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಕೇಪಳದ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುವುದನ್ನು ನೋಡಿರುತ್ತೀರಿ, ಅಲ್ವಾ? ಗೊಬ್ಬರ ಸಾಲದು ಅಂತ ಇನ್ನಷ್ಟು ಸುರಿದರೆ ಪ್ರಯೋಜನವಿಲ್ಲ. ಒಂದೂವರೆ ಅಡಿ ಆಳಕ್ಕೆ ಅಗೆದು ಕಟ್ಟಡದ ಕಸ ಪೂರ್ತಿ ತೆಗೆಸಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಅಡುಗೆಮನೆ ಕಸದ ಗೊಬ್ಬರ ಬೆರೆಸಿ ತುಂಬಿ. ಗಿಡಕ್ಕೊಂದು ಹಿಡಿ ಬೇವಿನ ಹಿಂಡಿ ಹಾಕಿ. ಕನಕಾಂಬರದ ಬೇರಿಗೆ ಜಂತುಹುಳು ಬೀಳುವುದು ಜಾಸ್ತಿ, ಹಿಂಡಿ ಅದನ್ನು ಸ್ವಲ್ಪ ತಡೆಯುತ್ತದೆ.

ಬಿಸಿಲಿರುವ ಪಟ್ಟಿಗೆ ನನ್ನ ಲೆಕ್ಕ ಹೀಗೆ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ನಾಲ್ಕಡಿಗೊಂದರಂತೆ ಐದು ಪೊದೆ: ಎರಡು ದಾಸವಾಳ, ಎರಡು ನಂದಿಬಟ್ಟಲು, ಒಂದು ಕರಿಬೇವು. ಅವುಗಳ ನಡುವಿನ ನಾಲ್ಕು ಸಂದಿಗಳಲ್ಲಿ, ಸ್ವಲ್ಪ ಮುಂದಕ್ಕೆ, ಎರಡೆರಡು ಸಣ್ಣ ಪೊದೆ: ಮೂರು ಗಿಡ್ಡ ಕೇಪಳ, ಮೂರು ಸ್ಫಟಿಕ, ಎರಡು ದುಂಡುಮಲ್ಲಿಗೆ. ಎಲ್ಲಕ್ಕಿಂತ ಮುಂದೆ ಅಡಿಗೊಂದರಂತೆ ಇಪ್ಪತ್ತು: ಹತ್ತು ಕನಕಾಂಬರ, ಐದು ಸುಗಂಧರಾಜ, ಐದು ದೊಡ್ಡಪತ್ರೆ. ಒಂದೇ ಜಾತಿಯವು ಮೂರೋ ಐದೋ ಒಟ್ಟಿಗೆ ಇದ್ದರೇ ಕಣ್ಣಿಗೆ ತುಂಬುತ್ತದೆ. ಮಲ್ಲಿಗೆ ಬೇಸಿಗೆಗೆ, ಸ್ಫಟಿಕ ಮಳೆ ಮುಗಿದ ಮೇಲೆ, ದಾಸವಾಳ ಎಲ್ಲ ಕಾಲಕ್ಕೂ. ಕರಿಬೇವಿನ ಎಲೆಯನ್ನು ಹಸಿರು ಹುಳು ತಿನ್ನುತ್ತಿದ್ದರೆ ಬಿಟ್ಟುಬಿಡಿ, ಅದು ಚಿಟ್ಟೆಯಾಗುವ ಹುಳು. ಕಣಗಿಲೆ ಚೆಂದವೇ, ಆದರೆ ಗಿಡವಿಡೀ ವಿಷ. ಮಕ್ಕಳು, ನಾಯಿ ಇರುವ ಮನೆಗೆ ನಾನು ಹೇಳುವುದಿಲ್ಲ.

ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಇವೆಲ್ಲ ಸಿಗುತ್ತವೆ. ದೊಡ್ಡ ಕುಂಡದ ಗಿಡಕ್ಕೆ ದುಡ್ಡು ಹಾಕಬೇಡಿ. ಸಣ್ಣ ಕವರಿನ ಗಿಡ ಬೇಗ ಬೇರು ಬಿಡುತ್ತದೆ.

ಜೂನ್‌ನಲ್ಲಿ ಎರಡು ಮೂರು ಒಳ್ಳೆ ಮಳೆ ಬಿದ್ದು ಅರ್ಧ ಅಡಿ ಕೆಳಗೂ ತೇವ ಇದ್ದಾಗ ನೆಡಿ. ಮೊದಲು ಎಲ್ಲ ಗಿಡಗಳನ್ನೂ ಕವರ್ ಸಮೇತ ಅವುಗಳ ಜಾಗದಲ್ಲಿ ಇಟ್ಟು, ಗೇಟಿನ ಹತ್ತಿರ ನಿಂತು ನೋಡಿ. ಬದಲಾಯಿಸುವುದಿದ್ದರೆ ಆಗಲೇ ಬದಲಾಯಿಸಿ. ಗುಣಿ ಬೇರಿನ ಗಡ್ಡೆಯ ಎರಡರಷ್ಟು ಅಗಲ ಇರಲಿ, ಆಳ ಗಡ್ಡೆಯಷ್ಟೇ ಸಾಕು. ಕವರನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ. ತಳದಲ್ಲಿ ಸುತ್ತಿಕೊಂಡ ಬೇರನ್ನು ಬೆರಳಲ್ಲಿ ಬಿಡಿಸಿ. ಕಾಂಡದ ಬುಡ ಮೊದಲಿದ್ದ ಮಟ್ಟಕ್ಕಿಂತ ಕೆಳಗೆ ಹೂತುಹೋಗಬಾರದು. ಮಣ್ಣು ಒತ್ತಿ, ನಿಧಾನಕ್ಕೆ ನೀರು ಕೊಡಿ. ಜೂನ್-ಜುಲೈ ಗಾಳಿ ಜೋರು, ಎತ್ತರದ ಗಿಡಕ್ಕೆ ಒಂದು ಕಡ್ಡಿ ಕಟ್ಟಿ.

ಆಮೇಲೆ ಎರಡು ಇಂಚು ತರಗೆಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಬೀದಿಯಲ್ಲಿ ಗುಡಿಸಿ ಬೆಂಕಿ ಹಾಕುತ್ತಾರಲ್ಲ, ಆ ಎಲೆಗಳನ್ನೇ ಚೀಲದಲ್ಲಿ ಕೇಳಿ ತಂದುಕೊಳ್ಳಿ. ಮೊದಲ ತಿಂಗಳು ಮಳೆ ಇಲ್ಲದಿದ್ದರೆ ದಿನ ಬಿಟ್ಟು ದಿನ ನೀರು, ಬೇರೂರಿದ ಮೇಲೆ ವಾರಕ್ಕೆರಡು ಸಲ ಆಳಕ್ಕೆ ಇಳಿಯುವಂತೆ. ದಿನಾ ಸುಮ್ನೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ನವೆಂಬರ್ ಕೊನೆಗೆ ದುಂಡುಮಲ್ಲಿಗೆಯನ್ನು ಅರ್ಧಕ್ಕೆ ಸವರಿ. ಹೂ ಬರುವುದು ಹೊಸ ಚಿಗುರಿನಲ್ಲೇ. ದಾಸವಾಳ, ನಂದಿಬಟ್ಟಲನ್ನು ಮುಂದಿನ ಮಳೆಗಾಲದ ಶುರುವಿಗೆ ಸವರಿ, ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರಿಸಿಟ್ಟುಕೊಳ್ಳಿ. ತೇವದ ಮಣ್ಣಿಗೆ ನೆಟ್ಟರೆ ಬೇರು ಬಿಡುತ್ತವೆ, ಸತ್ತ ಗಿಡದ ಜಾಗ ತುಂಬಿಸಲು ನರ್ಸರಿಗೆ ಹೋಗಬೇಕಾಗಿಲ್ಲ.