ಪಚ್ಚಿಲೆ ಹೆಕ್ಕುವ ಮುನ್ನ: ನಿಷೇಧದ ಪ್ರಕಟಣೆ ಓದುವುದು ಹೇಗೆ?

2024ರ ಮೇ ಕೊನೆಯ ವಾರದಲ್ಲಿ ಅಮೆರಿಕದ ಓರೆಗನ್ ರಾಜ್ಯದ ಕಡಲ ಬಂಡೆಗಳಿಂದ ಪಚ್ಚಿಲೆ (ಮಸೆಲ್ ಎಂಬ ಚಿಪ್ಪುಜೀವಿ) ಕಿತ್ತು ತಿಂದ 30ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮೊದಲು ಕರಾವಳಿಯ ಒಂದು ಭಾಗಕ್ಕಷ್ಟೇ ಇದ್ದ ನಿಷೇಧ ಕೆಲವೇ ದಿನಗಳಲ್ಲಿ ಇಡೀ ರಾಜ್ಯದ ತೀರಕ್ಕೆ ಹಬ್ಬಿತು. ಪಕ್ಕದ ವಾಷಿಂಗ್ಟನ್ ರಾಜ್ಯವೂ ತನ್ನ ಪೆಸಿಫಿಕ್ ತೀರವನ್ನು ಮುಚ್ಚಿತು. ಕಾರಣ ಅಲೆಕ್ಸಾಂಡ್ರಿಯಂ ಎಂಬ ಕಣ್ಣಿಗೆ ಕಾಣದ ಪಾಚಿ, ಅದು ತಯಾರಿಸುವ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ. ಪಚ್ಚಿಲೆ, ಮರುವಾಯಿಗಳು (ಕ್ಲ್ಯಾಮ್) ನೀರು ಸೋಸಿ ಪಾಚಿ ತಿನ್ನುವ ಜೀವಿಗಳಾದ್ದರಿಂದ ವಿಷ ಅವುಗಳ ಮಾಂಸದಲ್ಲಿ ಶೇಖರವಾಗುತ್ತದೆ. ಅವುಗಳಿಗೆ ಏನೂ ಆಗುವುದಿಲ್ಲ, ತಿಂದವರಿಗೆ ಆಗುತ್ತದೆ.

ಪೋರ್ಟ್‌ಲ್ಯಾಂಡ್, ಸಿಯಾಟಲ್‌ಗಳಿಂದ ವಾರಾಂತ್ಯಕ್ಕೆ ಸಮುದ್ರದ ಕಡೆ ಹೊರಡುವ ಕರಾವಳಿ ಕನ್ನಡಿಗರಿಗೆ ಬಂಡೆ ತುಂಬ ಪಚ್ಚಿಲೆ ಕಂಡರೆ ಕೈ ಸುಮ್ಮನಿರುವುದು ಕಷ್ಟ. ಓರೆಗನ್‌ನಲ್ಲಿ ಲೈಸೆನ್ಸ್ ಇದ್ದವರು ದಿನಕ್ಕೆ 72 ಪಚ್ಚಿಲೆ ಕೀಳಬಹುದು. ಆದರೆ ಲೈಸೆನ್ಸ್ ಹೇಳುವುದು ಎಷ್ಟು ಕೀಳಬಹುದು ಎಂಬುದನ್ನು ಮಾತ್ರ. ತಿನ್ನಬಹುದೇ ಎಂಬುದಕ್ಕೆ ಬೇರೆಯೇ ಪ್ರಕಟಣೆ ನೋಡಬೇಕು.

ಹೊರಡುವ ದಿನವೇ ನೋಡಿ

ಓರೆಗನ್‌ನಲ್ಲಿ ಮಾದರಿ ಪರೀಕ್ಷಿಸಿ ತೀರ ಮುಚ್ಚುವುದು ಕೃಷಿ ಇಲಾಖೆ, ವಾಷಿಂಗ್ಟನ್‌ನಲ್ಲಿ ಆರೋಗ್ಯ ಇಲಾಖೆ. ಇಬ್ಬರದೂ ಜಾಲತಾಣ ಇದೆ, ಫೋನಿನಲ್ಲಿ ಧ್ವನಿಮುದ್ರಿತ ಮಾಹಿತಿಯೂ ಸಿಗುತ್ತದೆ. ಬುಧವಾರ ನೋಡಿ ಶನಿವಾರ ಹೋದರೆ ಸಾಲದು. 2024ರಲ್ಲಿ ಗಡಿ ಬದಲಾದದ್ದು ಅಷ್ಟೇ ಅಂತರದಲ್ಲಿ. ಅಲಾಸ್ಕಕ್ಕೆ ಹೋಗುವವರು ಇನ್ನೊಂದು ಮಾತು ತಿಳಿದಿರಬೇಕು: ಅಲ್ಲಿ ಮಾರಾಟದ ಮಾಲಿಗೆ ಪರೀಕ್ಷೆ ಉಂಟು, ಆದರೆ ಜನ ಮನೆಗೆಂದು ಹೆಕ್ಕುವ ತೀರಗಳಿಗೆ ರಾಜ್ಯದ ತಪಾಸಣೆ ಇಲ್ಲ. ನಿಷೇಧದ ಬೋರ್ಡ್ ಇಲ್ಲವೆಂದರೆ ಅಪಾಯವಿಲ್ಲ ಎಂದು ಅರ್ಥವಲ್ಲ.

ಪ್ರಕಟಣೆಯಲ್ಲಿ ಮೊದಲು ಗಡಿ ಓದಿ. ಅದನ್ನು ಭೂಶಿರ, ನದೀಮುಖಗಳ ಹೆಸರಲ್ಲೇ ಕೊಡುತ್ತಾರೆ. ‘ಕೇಪ್ ಬ್ಲಾಂಕೊದಿಂದ ಕ್ಯಾಲಿಫೋರ್ನಿಯಾ ಗಡಿಯವರೆಗೆ’ ಎಂಬಂತೆ. ನಕ್ಷೆ ಬಿಡಿಸಿ ನೀವಿರುವ ಜಾಗ ಗುರುತಿಸಿ.

ಆಮೇಲೆ ಜಾತಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪಚ್ಚಿಲೆ ವಿಷವನ್ನು ಬೇಗ ಹೀರುತ್ತದೆ, ಪಾಚಿ ಕಡಿಮೆಯಾದರೆ ಕೆಲವು ವಾರಗಳಲ್ಲಿ ಕಳೆದುಕೊಳ್ಳುತ್ತದೆ. ಅಲ್ಲಿನ ಬಟರ್ ಕ್ಲ್ಯಾಮ್ ಎಂಬ ಮರುವಾಯಿ ಹಾಗಲ್ಲ, ಸ್ಯಾಕ್ಸಿಟಾಕ್ಸಿನ್ ಅದರಲ್ಲಿ ಎರಡು ವರ್ಷದವರೆಗೂ ಉಳಿದ ಉದಾಹರಣೆಗಳಿವೆ. ಮರಳಲ್ಲಿ ಹುದುಗಿರುವ ರೇಜರ್ ಕ್ಲ್ಯಾಮ್ ಡೊಮೋಯಿಕ್ ಆಮ್ಲವೆಂಬ ಇನ್ನೊಂದು ವಿಷವನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದೇ ತೀರದಲ್ಲಿ ಒಂದು ಜಾತಿಗೆ ನಿಷೇಧ, ಇನ್ನೊಂದಕ್ಕೆ ಅನುಮತಿ ಇರುವುದು ಸಾಮಾನ್ಯ. ‘ಪಾಚಿಯಿಂದ ಬಂದ ನೀರಿನ ಕೆಂಪು ಇಳಿಯಿತು, ಇನ್ನು ತಿನ್ನಬಹುದು’ ಎಂಬ ಲೆಕ್ಕಾಚಾರ ಬುಡಮೇಲಾಗುವುದೂ ಇದರಿಂದಲೇ. ನೀರು ತಿಳಿಯಾಗಿದ್ದಾಗಲೂ ವಿಷ ಇರಬಹುದು.

ಮಿತಿ ಮತ್ತು ಪರೀಕ್ಷೆ

ಸ್ಯಾಕ್ಸಿಟಾಕ್ಸಿನ್‌ಗೆ ಮಿತಿ 100 ಗ್ರಾಂ ಮಾಂಸಕ್ಕೆ 80 ಮೈಕ್ರೋಗ್ರಾಂ. ಅಷ್ಟು ಮುಟ್ಟಿದರೆ ತೀರ ಮುಚ್ಚುತ್ತಾರೆ. ಡೊಮೋಯಿಕ್ ಆಮ್ಲಕ್ಕೆ ಕಿಲೋಗೆ 20 ಮಿಲಿಗ್ರಾಂ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು 1987ರಲ್ಲಿ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, ಕೆಲವರ ನೆನಪಿನ ಶಕ್ತಿಯೇ ಹೋದ ಮೇಲೆ ಈ ಎರಡನೆಯ ಮಿತಿ ಬಂತು.

ಸ್ಯಾಕ್ಸಿಟಾಕ್ಸಿನ್ ಪತ್ತೆಯ ಹಳೆಯ ವಿಧಾನ ಅಡುಗೆಮನೆಯವರೂ ತಿಳಿಯಬೇಕಾದದ್ದು. 100 ಗ್ರಾಂ ಮಾಂಸ ರುಬ್ಬಿ, ಅಷ್ಟೇ ಪ್ರಮಾಣದ ತೆಳು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಐದು ನಿಮಿಷ ಕುದಿಸುತ್ತಾರೆ. ಆ ಸಾರವನ್ನು 20 ಗ್ರಾಂ ತೂಕದ ಇಲಿಗೆ ಚುಚ್ಚಿ, ಸಾಯಲು ಹಿಡಿದ ಸಮಯದಿಂದ ವಿಷದ ಪ್ರಮಾಣ ಲೆಕ್ಕ ಹಾಕುತ್ತಾರೆ. ಈಗ ಹಲವು ಕಡೆ ಯಂತ್ರಗಳು ಬಂದಿವೆ, ಇಲಿ ಬೇಕಾಗುವುದಿಲ್ಲ. ಗಮನಿಸಬೇಕಾದ್ದು ಕುದಿಸುವ ಹಂತ: ಆಮ್ಲದಲ್ಲಿ ಕುದಿಸಿದರೂ ಜಗ್ಗದ ವಿಷ ಇದು. ಹುಣಸೆಹುಳಿ ಹಿಂಡಿದ ಗಸಿಯಲ್ಲಿ ಎಷ್ಟು ಹೊತ್ತು ಬೇಯಿಸಿದರೂ ಅದು ಹೋಗುವುದಿಲ್ಲ. ಫ್ರೀಜರ್, ಉಪ್ಪುನೀರು, ಬೆಳ್ಳುಳ್ಳಿ, ಪಾತ್ರೆಗೆ ಬೆಳ್ಳಿ ನಾಣ್ಯ ಹಾಕಿ ಬಣ್ಣ ನೋಡುವುದು, ಯಾವುದೂ ನಡೆಯದು. ವಾಸನೆ, ರುಚಿಯಲ್ಲೂ ಸುಳಿವು ಸಿಗುವುದಿಲ್ಲ.

ಇದು ಅಮೆರಿಕದವರ ತಲೆನೋವು ಮಾತ್ರ ಎಂದುಕೊಳ್ಳಬೇಡಿ. 1983ರಲ್ಲಿ ಮಂಗಳೂರಿನ ದಕ್ಷಿಣದ ಕುಂಬಳೆ ಅಳಿವೆಯ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ. 1997ರಲ್ಲಿ ಕೇರಳದ ವಿಳಿಂಞಂನಲ್ಲಿ ಪಚ್ಚಿಲೆ ತಿಂದ ಏಳು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಎರಡೂ ಇದೇ ಬಗೆಯ ವಿಷ.

ನಿಷೇಧ ತೆರವಾಗಲು ಓರೆಗನ್‌ನಲ್ಲಿ ಒಂದರ ಹಿಂದೊಂದು ಎರಡು ಪರೀಕ್ಷೆಗಳು ಮಿತಿಗಿಂತ ಕೆಳಗೆ ಬರಬೇಕು. ಮಾದರಿ ತೆಗೆಯಲು ದೊಡ್ಡ ಇಳಿತ ಬೇಕು, ಸಮುದ್ರ ಶಾಂತವಾಗಿರಬೇಕು. ಹವೆ ಕೆಟ್ಟರೆ ನಿಷೇಧ ಉದ್ದವಾಗುತ್ತದೆ. ತೆರವಿನ ಆದೇಶ ಕಣ್ಣಾರೆ ನೋಡುವವರೆಗೆ ಮುಚ್ಚಿದೆ ಎಂದೇ ತಿಳಿಯಿರಿ.

ಏಡಿಯ ವಿಷಯ

ಪಚ್ಚಿಲೆಗೆ ನಿಷೇಧವಿದ್ದಾಗಲೂ ಏಡಿ ಹಿಡಿಯಲು ಬಿಡುವುದುಂಟು, ಏಕೆಂದರೆ ಏಡಿಯಲ್ಲಿ ವಿಷ ಸೇರುವುದು ಹೆಚ್ಚಾಗಿ ಒಳಗಿನ ಹಳದಿ ಭಾಗದಲ್ಲಿ. ನಮ್ಮವರಿಗೆ ಅದೇ ಇಷ್ಟ ಎಂಬುದು ತೊಂದರೆ! ಬೇಯಿಸುವ ಮೊದಲೇ ಬೆನ್ನಚಿಪ್ಪು ಕಿತ್ತು, ಹಳದಿಯನ್ನೂ ಕಿವಿರುಗಳನ್ನೂ ಪೂರ್ತಿ ತೆಗೆದು, ತೊಳೆಯಿರಿ. ಇಡಿಯಾಗಿ ಬೇಯಿಸಿದ್ದರೆ ಆ ನೀರನ್ನು ಸಾರಿಗೆ ಬಳಸದೆ ಚೆಲ್ಲಿ. ವಿಷ ನೀರಿಗೆ ಇಳಿದಿರುತ್ತದೆ.

ತಿಂದಾಗಿಹೋಗಿದ್ದರೆ

ತುಟಿ, ನಾಲಿಗೆಯಲ್ಲಿ ಜುಮು ಜುಮು ಎನ್ನುವುದು ಮೊದಲ ಗುರುತು. ಕೆಲವೇ ನಿಮಿಷಗಳಲ್ಲಿ ಬರಬಹುದು, ಒಂದೆರಡು ಗಂಟೆಯೂ ಹಿಡಿಯಬಹುದು. ನಂತರ ಮುಖ, ಕುತ್ತಿಗೆ, ಬೆರಳು ಮರಗಟ್ಟುತ್ತವೆ. ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ. ನರಗಳ ಸಂದೇಶಕ್ಕೆ ಬೇಕಾದ ಸೋಡಿಯಂ ದಾರಿಗಳನ್ನು ವಿಷ ಮುಚ್ಚುವುದರಿಂದ ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲಬಹುದು. ಪ್ರತಿವಿಷವಿಲ್ಲ. ಇರುವ ಚಿಕಿತ್ಸೆ ವೆಂಟಿಲೇಟರ್, ಅದೂ ಹೊತ್ತಿಗೆ ಸರಿಯಾಗಿ ಸಿಗಬೇಕು. ಮೊದಲ ದಿನ ದಾಟಿದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಜುಮು ಜುಮು ಶುರುವಾದ ಕೂಡಲೇ ಅಮೆರಿಕದಲ್ಲಿ 911, ಇಲ್ಲಿ 108ಕ್ಕೆ ಕರೆ ಮಾಡಿ. ‘ಸ್ವಲ್ಪ ಮಲಗಿದರೆ ಸರಿಹೋದೀತು’ ಎಂದು ರೋಗಿಯನ್ನು ಒಂಟಿಯಾಗಿ ಬಿಡಬೇಡಿ, ತಾನೇ ಕಾರು ಓಡಿಸಿಕೊಂಡು ಹೋಗಲೂ ಬಿಡಬೇಡಿ.

ಉಳಿದ ಪಚ್ಚಿಲೆ, ಗಸಿ, ಚಿಪ್ಪುಗಳನ್ನು ಎಸೆಯದೆ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಯಾವ ಬಂಡೆಯಿಂದ, ಯಾವ ದಿನ, ಎಷ್ಟು ಹೊತ್ತಿಗೆ ಕಿತ್ತದ್ದು ಎಂದು ಚೀಟಿಯಲ್ಲಿ ಬರೆದು ಮೇಲೆ ಅಂಟಿಸಿ. ‘ತಿನ್ನಬಾರದು’ ಎಂದೂ ದೊಡ್ಡದಾಗಿ ಬರೆಯಿರಿ. ಆ ತೀರವನ್ನು ಮುಚ್ಚಬೇಕೇ ಎಂದು ಇಲಾಖೆಯವರು ತೀರ್ಮಾನಿಸಲು ಆ ಡಬ್ಬಿಯೂ ಬೇಕಾಗಬಹುದು.