ಪೋಸ್ಟರಿನಿಂದ ಮೊಬೈಲ್ ಪರದೆಯವರೆಗೆ ಒಂದು ಸಿನಿಮಾಕ್ಕೆ ಒಂದೇ ಚಹರೆ

ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ಬೆಳಿಗ್ಗೆ ಒಂದು ಸಿನಿಮಾದ ಭಿತ್ತಿಪತ್ರವನ್ನು ಕಂಡವರು, ಸಂಜೆ ತೀರ್ಥಹಳ್ಳಿಯ ಮನೆಯಲ್ಲಿ ಮೊಬೈಲ್ ತೆರೆದಾಗ ಅದೇ ಸಿನಿಮಾದ ಹಾಡಿನ ಪುಟ್ಟ ಚಿತ್ರವನ್ನು ನೋಡಿ, ಹೆಸರು ಓದುವ ಮೊದಲೇ ಇದು ಅದೇ ಎಂದು ಗುರುತಿಸುವಂತಿರಬೇಕು. ಪ್ರಚಾರ ಸಾಮಗ್ರಿಗಳೆಲ್ಲಕ್ಕೂ ಒಂದೇ ದೃಶ್ಯರೂಪ ಇರಬೇಕೆನ್ನುವುದು ಇದಕ್ಕಾಗಿಯೇ. ದೊಡ್ಡ ತಾರೆಯರ ಸಿನಿಮಾಗಳಲ್ಲಿ ನಾಯಕನ ಮುಖವೇ ಗುರುತಾಗಿಬಿಡುವುದರಿಂದ ಉಳಿದದ್ದು ಸ್ವಲ್ಪ ಸಡಿಲವಾದರೂ ನಡೆಯುತ್ತದೆ. ಆದರೆ ಹೊಸ ಕಲಾವಿದರನ್ನಿಟ್ಟುಕೊಂಡು ಸಾಗರ, ಹೊಸನಗರ, ಸೊರಬದ ಸುತ್ತ ಚಿತ್ರೀಕರಣ ಮುಗಿಸಿ, ಉಳಿದ ಅಲ್ಪ ಹಣದಲ್ಲಿ ಪ್ರಚಾರ ಮಾಡಬೇಕಾದ ತಂಡಕ್ಕೆ ಆ ಅನುಕೂಲವಿಲ್ಲ. ಅಂಥ ತಂಡದ ಫಸ್ಟ್ ಲುಕ್, ಟೀಸರ್, ಕರಪತ್ರ ಪ್ರತಿಯೊಂದೂ ಹಿಂದಿನದು ಮೂಡಿಸಿದ ನೆನಪನ್ನು ಗಟ್ಟಿಗೊಳಿಸಬೇಕು. ಪ್ರತಿ ಸಲವೂ ಹೊಸ ರೂಪದಲ್ಲಿ ಬಂದರೆ ಪ್ರತಿ ಸಲವೂ ಮೊದಲಿನಿಂದ ಪರಿಚಯ ಹೇಳಿಕೊಳ್ಳಬೇಕಾಗುತ್ತದೆ.

ಈ ಏಕತೆ ಕೆಡುವುದು ಬಹುಮಟ್ಟಿಗೆ ಕೈಗಳು ಹಲವಾಗುವುದರಿಂದ. ಪೋಸ್ಟರ್ ಮಾಡುವವರು ಬೆಂಗಳೂರಿನಲ್ಲಿರುತ್ತಾರೆ, ಲಿರಿಕಲ್ ವಿಡಿಯೊ ಮಾಡುವವರು ಇನ್ನೊಬ್ಬರು, ಬ್ಯಾನರ್ ಅಚ್ಚು ಹಾಕುವವರು ಸ್ಥಳೀಯರು, ಇನ್‌ಸ್ಟಾಗ್ರಾಂ ನೋಡಿಕೊಳ್ಳುವವರು ನಿರ್ದೇಶಕರ ಸ್ನೇಹಿತರು. ಪ್ರತಿಯೊಬ್ಬರೂ ಒಳ್ಳೆಯ ಮನಸ್ಸಿನಿಂದಲೇ ತಮಗೆ ಚೆಂದ ಕಂಡ ಒಂದೊಂದು ಬದಲಾವಣೆ ಮಾಡುತ್ತಾರೆ. ಆದ್ದರಿಂದ ಕೆಲವೇ ಕೆಲವು ತೀರ್ಮಾನಗಳನ್ನು ಮೊದಲೇ ತೆಗೆದುಕೊಂಡು, ಬರೆದಿಟ್ಟು, ಅವನ್ನು ಕಾಯುವ ಹೊಣೆಯನ್ನು ಒಬ್ಬರಿಗೆ ವಹಿಸುವುದೇ ಈ ಕೆಲಸದ ತಿರುಳು. ಆ ತೀರ್ಮಾನಗಳು ಯಾವುವು, ಅವನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನು ಒಂದು ಕಾಲ್ಪನಿಕ ಸಿನಿಮಾವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿ, ಶಿವಮೊಗ್ಗದ ಆಸುಪಾಸಿಗೆ ಎತ್ತಂಗಡಿಯಾದ ಒಂದು ಕುಟುಂಬದ ಕಥೆ ಅದು ಎಂದುಕೊಳ್ಳೋಣ.

ಮೊದಲು ಗುರುತನ್ನು ಹುಡುಕುವುದು

ಗುರುತೆಂದರೆ ಸಿನಿಮಾದ ತಿರುಳನ್ನು ಹೊತ್ತ, ಯಾರು ಬೇಕಾದರೂ ಪೆನ್ಸಿಲ್ಲಿನಲ್ಲಿ ಗೀಚಬಹುದಾದಷ್ಟು ಸರಳವಾದ ಒಂದು ಆಕಾರ. ಅಮೆರಿಕದ ವಿನ್ಯಾಸಕಾರ ಸಾಲ್ ಬಾಸ್ 1955ರಲ್ಲಿ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಚಿತ್ರಕ್ಕೆ ಕಾಗದ ಕತ್ತರಿಸಿದಂತಿರುವ ಒಂದು ಸೊಟ್ಟ ತೋಳನ್ನು ರೂಪಿಸಿ, ಅದನ್ನೇ ಪೋಸ್ಟರಿನಲ್ಲೂ ತೆರೆಯ ಮೇಲಿನ ಶೀರ್ಷಿಕೆಗಳಲ್ಲೂ ಬಳಸಿದರು. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದಲ್ಲಿ ಬರುವ ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳನ್ನು ನೆನೆಯಬಹುದು. ಕಥೆ ಶುರುವಾಗುವ ಮೊದಲೇ ಆ ಗೆರೆಗಳು ಮಾಲ್ಗುಡಿಯನ್ನು ನಮ್ಮ ಮುಂದೆ ತಂದು ನಿಲ್ಲಿಸುತ್ತವೆ.

ನಮ್ಮ ಕಾಲ್ಪನಿಕ ಸಿನಿಮಾಕ್ಕೆ ಗುರುತು ಎಲ್ಲಿದೆ? ಮೊದಲು ನೆನಪಾಗುವುದು ಜೋಗದ ಜಲಪಾತ, ಹೆಂಚಿನ ಮನೆ, ಮಂಜು, ಅಡಿಕೆ ತೋಟ. ಇವನ್ನು ಬದಿಗಿಡುವಂತೆ ನಾನು ಒತ್ತಾಯಿಸುತ್ತೇನೆ, ಏಕೆಂದರೆ ಮಲೆನಾಡಿನ ಯಾವ ಸಿನಿಮಾಕ್ಕೂ ಇವು ಒಪ್ಪುತ್ತವೆ. ಎಲ್ಲಕ್ಕೂ ಒಪ್ಪುವುದು ಯಾವುದೊಂದರ ಗುರುತೂ ಆಗಲಾರದು. ಬೇಸಿಗೆಯಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಳಿದಾಗ ಮೇಲೆ ಕಾಡಿನ ಹಸಿರು, ಕೆಳಗೆ ನೀರಿನ ಬೂದು, ನಡುವೆ ಮರವೂ ಹುಲ್ಲೂ ಇಲ್ಲದ ಕೆಮ್ಮಣ್ಣಿನ ಒಂದು ಪಟ್ಟಿ ದಡದುದ್ದಕ್ಕೂ ಎದ್ದು ಕಾಣುತ್ತದೆ. ಸಮುದ್ರಮಟ್ಟದಿಂದ 1819 ಅಡಿಯ ಪೂರ್ಣಮಟ್ಟದವರೆಗೆ ನೀರು ಬಂದು ಹೋದ ಗುರುತು ಅದು. ಆ ಅಡ್ಡ ಗೆರೆಗೆ ಒಂದು ಪುಟ್ಟ ಹೊಸ್ತಿಲನ್ನು ಸೇರಿಸಿದರೆ ಸಿನಿಮಾದ ಕಥೆಯೇ ಅಲ್ಲಿದೆ. ಮೇಲಾಗಿ ಅಡ್ಡ ಗೆರೆಯನ್ನು ಉದ್ದನೆಯ ಬ್ಯಾನರಿನಲ್ಲಿ ಎಳೆಯಬಹುದು, ಎತ್ತರದ ಮೊಬೈಲ್ ಪರದೆಯಲ್ಲಿ ಇಡಬಹುದು, ಒಂದೇ ಬಣ್ಣದ ಕರಪತ್ರದಲ್ಲೂ ಅಚ್ಚು ಮಾಡಬಹುದು. ಗುರುತನ್ನು ಒಪ್ಪುವ ಮೊದಲು ಈ ಮೂರು ಪರೀಕ್ಷೆಗಳನ್ನೂ ಮಾಡಿ ನೋಡಬೇಕು.

ಶೀರ್ಷಿಕೆಯ ಅಕ್ಷರ

ಪ್ರಚಾರದಲ್ಲಿ ಅತಿ ಹೆಚ್ಚು ಬಾರಿ ಮರಳಿ ಬರುವುದು ಶೀರ್ಷಿಕೆ. ಚಿತ್ರ ಬದಲಾಗುತ್ತದೆ, ಹಿನ್ನೆಲೆ ಬದಲಾಗುತ್ತದೆ, ಶೀರ್ಷಿಕೆ ಎಲ್ಲ ಕಡೆಯೂ ಇರುತ್ತದೆ. ಹಾಗಾಗಿ ಇಡೀ ಬಜೆಟ್ಟಿನಲ್ಲಿ ಒಂದೇ ಕಡೆ ಧಾರಾಳವಾಗಿ ಖರ್ಚು ಮಾಡುವ ಶಕ್ತಿ ಇದ್ದರೆ, ಕನ್ನಡ ಅಕ್ಷರ ಬರೆಯುವುದನ್ನು ಬಲ್ಲ ಒಬ್ಬ ಕಲಾವಿದರಿಂದ ಶೀರ್ಷಿಕೆಯನ್ನು ಕೈಯಲ್ಲಿ ಬರೆಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕನ್ನಡ ಲಿಪಿಗೆ ತನ್ನದೇ ಆದ ಬೇಡಿಕೆಗಳಿವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮತ್ತು ತಲೆಕಟ್ಟುಗಳು ಮೇಲೇರುತ್ತವೆ, ದೀರ್ಘ ಮತ್ತು ಕೊಂಬುಗಳು ಬಲಕ್ಕೆ ಚಾಚುತ್ತವೆ. ಎರಡು ಸಾಲಿನ ಶೀರ್ಷಿಕೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇದನ್ನು ತಪ್ಪಿಸಲು ಸಾಲುಗಳನ್ನು ದೂರ ಸರಿಸಿದರೆ ಶೀರ್ಷಿಕೆ ಎರಡು ತುಂಡಾದಂತೆ ಕಾಣುತ್ತದೆ. ಕೈಬರಹದಲ್ಲಾದರೆ ಒತ್ತನ್ನು ಕೆಳಗಿನ ಸಾಲಿನ ಖಾಲಿ ಜಾಗಕ್ಕೆ ಕೂರಿಸಬಹುದು. ನಮ್ಮ ಸಿನಿಮಾದಲ್ಲಿ ಇದೇ ಒಂದು ವರವೂ ಆಗಬಲ್ಲದು: ಅಕ್ಷರದ ಮೈ ನೀರಿನ ಗೆರೆಯ ಮೇಲೆ, ಒತ್ತು ಗೆರೆಯ ಕೆಳಗೆ. ಆದರೆ ಇಂಥ ಕಲ್ಪನೆ ಎಷ್ಟೇ ಸೊಗಸಾಗಿದ್ದರೂ ಶೀರ್ಷಿಕೆಯನ್ನು ಎರಡು ಸೆಂಟಿಮೀಟರ್ ಅಗಲಕ್ಕೆ ಕುಗ್ಗಿಸಿದಾಗ ಓದಲು ಬಾರದಿದ್ದರೆ ಅದನ್ನು ಕೈಬಿಡಲೇಬೇಕು.

ಬರೆದ ಶೀರ್ಷಿಕೆಯನ್ನು, ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ರೂಪಕ್ಕೆ ತಂದು, ಒಂದೇ ಸಾಲಿನದು, ಎರಡು ಸಾಲಿನದು, ಚೌಕದೊಳಗೆ ಕೂರುವುದು ಎಂಬ ಮೂರು ವಿನ್ಯಾಸಗಳಲ್ಲಿ ಉಳಿಸಿಕೊಳ್ಳಬೇಕು. ಪ್ರತಿಯೊಂದಕ್ಕೂ ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಆವೃತ್ತಿಗಳಿರಬೇಕು. ಚಿನ್ನದ ಹೊಳಪು, ಬೆಂಕಿ, ಕಲ್ಲಿನ ಬಿರುಕು ಇವೆಲ್ಲ ಕಂಪ್ಯೂಟರಿನಲ್ಲಿ ಸುಲಭವಾಗಿ ಬರುವುದರಿಂದ ಆಸೆ ಹುಟ್ಟಿಸುತ್ತವೆ. ಕರಪತ್ರದಲ್ಲಿ ಅವು ಮಸಿಯಾಗುತ್ತವೆ. ಇಂಗ್ಲಿಷಿನಲ್ಲೂ ಹೆಸರು ಬೇಕಿದ್ದರೆ ಅದೇ ಕಲಾವಿದರಿಂದ, ಅದೇ ಗೆರೆಯ ದಪ್ಪದಲ್ಲಿ ಬರೆಸಿ, ಕನ್ನಡದ ಶೀರ್ಷಿಕೆಗಿಂತ ಎಷ್ಟು ಚಿಕ್ಕದಿರಬೇಕು ಎಂಬುದನ್ನೂ ನಿಗದಿಪಡಿಸಬೇಕು.

ಉಳಿದ ಪಠ್ಯಕ್ಕೆ, ಅಂದರೆ ಕಲಾವಿದರ ಹೆಸರು, ಬಿಡುಗಡೆಯ ದಿನಾಂಕ, ಹಾಡಿನ ಸಾಲುಗಳಿಗೆ, ಒಂದೇ ಫಾಂಟ್ ಕುಟುಂಬ ಸಾಕು. ಅನೇಕ್ ಕನ್ನಡ, ಬಾಲೂ ತಮ್ಮ, ನೋಟೊ ಸೆರಿಫ್ ಕನ್ನಡ ಮುಂತಾದವು ಮುಕ್ತ ಪರವಾನಗಿಯಲ್ಲಿ ಸಿಗುವುದರಿಂದ ತಂಡದ ಎಲ್ಲರೂ ಅವನ್ನು ಯಾವ ತೊಡಕೂ ಇಲ್ಲದೆ ಅಳವಡಿಸಿಕೊಳ್ಳಬಹುದು. ಅನೇಕ್ ಕನ್ನಡದಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದಾದ್ದರಿಂದ, ಪೋಸ್ಟರಿನ ತಳದಲ್ಲಿ ತಂತ್ರಜ್ಞರ ಹೆಸರುಗಳನ್ನು ಒತ್ತಾಗಿ ಕೂರಿಸಬೇಕಾದಾಗ ಅಕ್ಷರಗಳನ್ನು ಬಲವಂತವಾಗಿ ಹಿಂಡುವ ಅಗತ್ಯ ಬೀಳುವುದಿಲ್ಲ. ಫೋಟೋಶಾಪ್‌ನಲ್ಲಿ ಯುನಿಕೋಡ್ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದರೆ ಗಾಬರಿಯಾಗಬೇಕಿಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ, ಆವೃತ್ತಿಗೆ ತಕ್ಕಂತೆ, ಸೌತ್ ಏಷ್ಯನ್ ಅಥವಾ ವರ್ಲ್ಡ್ ರೆಡಿ ಎಂಬ ಆಯ್ಕೆಯನ್ನು ಆರಿಸಿದರೆ ಅವು ಸರಿಯಾಗಿ ಕೂಡಿಕೊಳ್ಳುತ್ತವೆ. ಅಚ್ಚಿಗೆ ಕಳುಹಿಸುವಾಗ ಮಾತ್ರ ಎಲ್ಲ ಪಠ್ಯವನ್ನೂ ಔಟ್‌ಲೈನ್ ಮಾಡಿಯೇ, ಅಂದರೆ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿಯೇ ಕಳುಹಿಸಬೇಕು, ಇಲ್ಲವಾದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಬೇರೊಂದು ಬಂದು ಕೂರುತ್ತದೆ.

ಬಣ್ಣ, ಅದರಲ್ಲೂ ಹಸಿರಿನ ಪ್ರಶ್ನೆ

ಮೂರು ಬಣ್ಣಗಳು ಸಾಕು: ಹಿನ್ನೆಲೆಗೊಂದು, ಶೀರ್ಷಿಕೆಗೊಂದು, ಕಣ್ಸೆಳೆಯಲು ಒಂದು. ಮಲೆನಾಡಿನಲ್ಲಿ ಚಿತ್ರೀಕರಿಸಿದ ಸಿನಿಮಾಕ್ಕೆ ಹಸಿರೇ ಮುಖ್ಯ ಬಣ್ಣವಾಗಬೇಕೆಂದು ಬಹಳ ಮಂದಿ ಭಾವಿಸುತ್ತಾರೆ. ಇದರಲ್ಲಿ ಎರಡು ತೊಂದರೆಗಳಿವೆ. ಮೊದಲನೆಯದು, ಪರದೆ ಬೆಳಕಿನಿಂದ ಬಣ್ಣ ಮೂಡಿಸುತ್ತದೆ, ಅಚ್ಚು ಶಾಯಿಯಿಂದ ಮೂಡಿಸುತ್ತದೆ. ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ (ಆರ್‌ಜಿಬಿ) ಹೊಳೆಯುವ ಎಳೆ ಹಸಿರು ಅಚ್ಚಿನ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ (ಸಿಎಂವೈಕೆ) ಎಟುಕಿನಾಚೆ ಇರುವುದರಿಂದ ಕಾಗದದ ಮೇಲೆ ಮಂಕಾಗುತ್ತದೆ. ಎರಡನೆಯದು, ಮಳೆಗಾಲದಲ್ಲಿ ಪಾಚಿ ಹಿಡಿದ ಜಂಬಿಟ್ಟಿಗೆ ಗೋಡೆಯ ಮೇಲೆ, ಹಿಂದೆ ಮರಗಳಿರುವಲ್ಲಿ, ಹಸಿರು ಪೋಸ್ಟರ್ ಕಾಣುವುದೇ ಇಲ್ಲ. ನಮ್ಮ ಸಿನಿಮಾಕ್ಕೆ ನಾನು ಕೆಮ್ಮಣ್ಣಿನ ಕೆಂಪನ್ನು ಕಣ್ಸೆಳೆಯುವ ಬಣ್ಣವಾಗಿ, ನೀರಿನ ಬೂದನ್ನು ಹಿನ್ನೆಲೆಯಾಗಿ, ಸುಣ್ಣದ ಬಿಳಿಯನ್ನು ಶೀರ್ಷಿಕೆಗೆ ಆರಿಸುತ್ತೇನೆ. ಹಸಿರು ಛಾಯಾಚಿತ್ರಗಳಲ್ಲಿ ತಾನಾಗಿ ಬರುತ್ತದೆ.

ಬಣ್ಣವನ್ನು ಹೆಸರಿನಿಂದ ಹೇಳಿದರೆ ಪ್ರಯೋಜನವಿಲ್ಲ, ಸಂಖ್ಯೆಯಲ್ಲಿ ಬರೆದಿಡಬೇಕು. ಕೆಮ್ಮಣ್ಣಿನ ಕೆಂಪೆಂದರೆ ಅಚ್ಚಿನಲ್ಲಿ ಶೇಕಡಾವಾರು ಸಯಾನ್ 20, ಮೆಜೆಂಟಾ 80, ಹಳದಿ 80, ಕಪ್ಪು 15 ಎಂದು. ಪರದೆಗೆ ಅದರ ಆರ್‌ಜಿಬಿ ಸಂಖ್ಯೆಗಳನ್ನು ಪ್ರತ್ಯೇಕವಾಗಿ. ಒಂದು ಅಂಗೈಯಗಲದ ಮಾದರಿಯನ್ನು ಅಚ್ಚು ಹಾಕಿಸಿ ಹಗಲು ಬೆಳಕಿನಲ್ಲಿ ನೋಡದೆ ಯಾವ ಬಣ್ಣವನ್ನೂ ಅಂತಿಮಗೊಳಿಸಬಾರದು.

ಕೆಲವೇ ಬಣ್ಣಗಳಲ್ಲಿ ಎಷ್ಟು ಗಟ್ಟಿಯಾದ ಗುರುತು ಸಾಧ್ಯ ಎಂಬುದಕ್ಕೆ ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹಸೆ ಚಿತ್ತಾರವೇ ಸಾಕ್ಷಿ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಗೆ ಬೀಜದ ಹಳದಿ ಇಷ್ಟರಲ್ಲೇ ಮದುವೆಮನೆಯ ಗೋಡೆ ತುಂಬುತ್ತದೆ. ಅದನ್ನು ಪೋಸ್ಟರಿನ ಅಂಚಿಗೆ ಅಲಂಕಾರವೆಂದು ಎತ್ತಿಕೊಳ್ಳುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಕಥೆಗೆ ಅದು ನಿಜವಾಗಿ ಬೇಕಿದ್ದರೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳಿಂದಲೇ ಬರೆಸಿ, ಸಂಭಾವನೆ ಕೊಟ್ಟು, ತಂತ್ರಜ್ಞರ ಪಟ್ಟಿಯಲ್ಲಿ ಹೆಸರು ಹಾಕಬೇಕು.

ಛಾಯಾಚಿತ್ರಗಳನ್ನು ಚಿತ್ರೀಕರಣದ ಹೊತ್ತಿನಲ್ಲೇ ತೆಗೆಸುವುದು

ಪ್ರಚಾರಕ್ಕೆ ಬೇಕಾದ ಚಿತ್ರಗಳನ್ನು ಆಮೇಲೆ ಸಿನಿಮಾದಿಂದಲೇ ಕತ್ತರಿಸಿಕೊಳ್ಳಬಹುದು ಎಂಬ ಎಣಿಕೆ ಸರಿಯಲ್ಲ. 4ಕೆ ದೃಶ್ಯದ ಒಂದು ಚೌಕಟ್ಟು 3840×2160 ಪಿಕ್ಸೆಲ್. ಇಂಚಿಗೆ 300 ಚುಕ್ಕೆಯ ಅಚ್ಚಿನಲ್ಲಿ ಅದು ಸುಮಾರು 13 ಇಂಚು ಅಗಲವಷ್ಟೇ ಆಗುತ್ತದೆ, ಜೊತೆಗೆ ಚಲನೆಯ ಮಸುಕೂ ಇರುತ್ತದೆ. ಆದ್ದರಿಂದ ಸ್ಟಿಲ್ ಛಾಯಾಗ್ರಾಹಕರನ್ನು ಮೊದಲ ದಿನದಿಂದಲೇ ಇಟ್ಟುಕೊಂಡು, ಪ್ರತಿ ಮುಖ್ಯ ಪಾತ್ರವನ್ನು ಅದೇ ಜಾಗ, ಅದೇ ಉಡುಗೆ, ಅದೇ ಬೆಳಕಿನಲ್ಲಿ ಅಡ್ಡವಾಗಿಯೂ ಉದ್ದವಾಗಿಯೂ ತೆಗೆಸಬೇಕು. ಶೀರ್ಷಿಕೆಗೆಂದು ಮೇಲೋ ಕೆಳಗೋ ಖಾಲಿ ಜಾಗ ಬಿಡುವಂತೆ ಮೊದಲೇ ಹೇಳಿರಬೇಕು. ಸಿನಿಮಾದ ಕಲರ್ ಗ್ರೇಡಿಂಗ್, ಅಂದರೆ ದೃಶ್ಯಗಳ ಬಣ್ಣ ಹೊಂದಿಸುವ ಕೆಲಸ, ಮುಗಿದ ಮೇಲೆ ಅದರ ಕೆಲವು ಚೌಕಟ್ಟುಗಳನ್ನು ಡಿಸೈನರಿಗೆ ಕೊಟ್ಟರೆ, ಪೋಸ್ಟರಿನ ಮೈಬಣ್ಣ, ಆಕಾಶದ ಬಣ್ಣ ತೆರೆಯ ಮೇಲಿನವುಗಳಿಗೆ ಹೊಂದುತ್ತವೆ. ಮೋಡದ ಬೂದು ಬೆಳಕಿನ ಸಿನಿಮಾಕ್ಕೆ ಕಿತ್ತಳೆ ಬಿಸಿಲಿನ ಪೋಸ್ಟರ್ ಮಾಡಿದರೆ ನೋಡುಗರಿಗೆ ಸುಳ್ಳು ಹೇಳಿದಂತಾಗುತ್ತದೆ.

ಅಳತೆಗಳು

ವಿನ್ಯಾಸವನ್ನು 30×40 ಇಂಚಿನ ಪೋಸ್ಟರಿನಿಂದ ಆರಂಭಿಸಿ ಉಳಿದವನ್ನು ಅದರಿಂದ ಕತ್ತರಿಸುವುದು ರೂಢಿ. ಇದಕ್ಕಿಂತ, ಪರಸ್ಪರ ವಿರುದ್ಧವಾದ ಎರಡು ಅಳತೆಗಳಲ್ಲಿ ಒಟ್ಟಿಗೆ ಆರಂಭಿಸುವುದು ಒಳ್ಳೆಯದು: ಯೂಟ್ಯೂಬ್ ಥಂಬ್‌ನೇಲಿನ (ವಿಡಿಯೊ ತೆರೆಯುವ ಮೊದಲು ಕಾಣುವ ಪುಟ್ಟ ಚಿತ್ರ) 1280×720 ಪಿಕ್ಸೆಲ್ ಮತ್ತು ಇನ್‌ಸ್ಟಾಗ್ರಾಂ ಸ್ಟೋರಿಯ 1080×1920 ಪಿಕ್ಸೆಲ್. ಒಂದು ಅಡ್ಡ, ಒಂದು ಉದ್ದ. ಎರಡರಲ್ಲೂ ನಿಂತ ವಿನ್ಯಾಸ ಬೇರೆಲ್ಲ ಕಡೆಯೂ ನಿಲ್ಲುತ್ತದೆ. ಥಂಬ್‌ನೇಲಿನ ಬಲ ಕೆಳಮೂಲೆಯನ್ನು ವಿಡಿಯೊದ ಅವಧಿ ಮುಚ್ಚುತ್ತದೆ, ಸ್ಟೋರಿಯ ಮೇಲೂ ಕೆಳಗೂ ಆ್ಯಪಿನ ಗುಂಡಿಗಳು ಬರುತ್ತವೆ. ಅಲ್ಲಿ ಶೀರ್ಷಿಕೆ ಇಡಬಾರದು. ಗುರುತಿನ ಅಡ್ಡ ಗೆರೆ ಯಾವ ಎತ್ತರದಲ್ಲಿರಬೇಕು ಎಂಬುದನ್ನು, ಉದಾಹರಣೆಗೆ ಕೆಳಗಿನಿಂದ ಮೂರನೇ ಒಂದು ಭಾಗಕ್ಕೆ ಎಂದು, ಒಮ್ಮೆ ನಿಗದಿಪಡಿಸಿದರೆ ಎಲ್ಲ ಅಳತೆಗಳಲ್ಲೂ ಅದನ್ನೇ ಪಾಲಿಸಬೇಕು. ಟೀಸರ್, ಟ್ರೇಲರ್, ಲಿರಿಕಲ್ ವಿಡಿಯೊಗಳಲ್ಲಿ ಶೀರ್ಷಿಕೆ ಮೂಡುವ ಚಲನೆಯೂ ಒಂದೇ ಆಗಿರಲಿ: ನಮ್ಮ ಸಿನಿಮಾದಲ್ಲಾದರೆ ನೀರು ಮೆಲ್ಲಗೆ ಇಳಿದು ಅಕ್ಷರ ಕಾಣಿಸಿಕೊಳ್ಳುವುದು.

ಗೋಡೆ, ಮಳೆ, ಕಾನೂನು

ಊರಿನ ಪೋಸ್ಟರುಗಳ ಮೇಲೆ ಚಿತ್ರಮಂದಿರದ ಹೆಸರು ಮತ್ತು ಪ್ರದರ್ಶನದ ವೇಳೆಯ ಚೀಟಿಯನ್ನು ಅಂಟಿಸುತ್ತಾರೆ. ಅದಕ್ಕೆಂದು ಜಾಗ ಬಿಟ್ಟಿರದಿದ್ದರೆ ಚೀಟಿ ಶೀರ್ಷಿಕೆಯ ಮೇಲೆಯೇ ಬೀಳುತ್ತದೆ. ಆದ್ದರಿಂದ ತಳದಲ್ಲಿ ಒಂದು ಖಾಲಿ ಪಟ್ಟಿ ಬಿಡಬೇಕು, ಚೀಟಿಯನ್ನೂ ಅದೇ ಬಣ್ಣ ಮತ್ತು ಫಾಂಟಿನಲ್ಲಿ ನಾವೇ ಅಚ್ಚು ಹಾಕಿಸಿ ಕೊಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಡುಗಡೆಯಾದರೆ ಮಲೆನಾಡಿನ ಮಳೆಯಲ್ಲಿ ಕಾಗದದ ಪೋಸ್ಟರ್ ಬೇಗನೆ ಕಿತ್ತು ಬರುವುದರಿಂದ, ಸೂರಿನ ಕೆಳಗಿನ ಜಾಗಗಳನ್ನು, ಅಂದರೆ ಅಂಗಡಿ ಮುಂಗಟ್ಟು, ಹೋಟೆಲಿನ ಒಳಗೋಡೆಗಳನ್ನು ಅನುಮತಿ ಪಡೆದು ಬಳಸಬೇಕು. ಅಲ್ಲಿಗೆ ಹೊಂದುವ ಚಿಕ್ಕ ಅಳತೆಯೊಂದನ್ನು ಮೊದಲೇ ಸಿದ್ಧಪಡಿಸಿರಬೇಕು.

ರಾಜ್ಯ ಸರ್ಕಾರದ 2016ರ ಅಧಿಸೂಚನೆಯ ಪ್ರಕಾರ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳು ನಿಷೇಧಿತ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯೂ ಇದೆ. ಫ್ಲೆಕ್ಸಿನ ಬದಲಿಗೆ ಬಳಸುವ ಬಟ್ಟೆಯ ಬ್ಯಾನರಿನಲ್ಲಿ ಬಣ್ಣ ಸ್ವಲ್ಪ ಹೀರಿಕೊಂಡು ಮಂದವಾಗುವುದರಿಂದ ಅದಕ್ಕೆ ಪ್ರತ್ಯೇಕ ಮಾದರಿ ತೆಗೆಸಬೇಕು. ಸೆನ್ಸಾರ್ ಪ್ರಮಾಣಪತ್ರ ಬಂದ ಮೇಲೆ ಅದರ ವರ್ಗವನ್ನು ಜಾಹೀರಾತುಗಳಲ್ಲಿ ನಮೂದಿಸಬೇಕು. 2024ರಿಂದ ಯುಎ ವರ್ಗ, ಅಂದರೆ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳ ವರ್ಗ, 7, 13 ಮತ್ತು 16 ವರ್ಷಗಳೆಂದು ಮೂರಾಗಿರುವುದರಿಂದ, ಆ ಪುಟ್ಟ ಗುರುತಿಗೂ ನಿಶ್ಚಿತ ಮೂಲೆಯೊಂದನ್ನು ಆರಂಭದಲ್ಲೇ ಕಾದಿರಿಸುವುದು ಒಳಿತು.

ಒಂದು ಹಾಳೆ, ಒಬ್ಬ ಹೊಣೆಗಾರ

ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು: ಗುರುತು, ಶೀರ್ಷಿಕೆಯ ಆವೃತ್ತಿಗಳು, ಬಣ್ಣದ ಸಂಖ್ಯೆಗಳು, ಫಾಂಟು, ಗೆರೆಯ ಸ್ಥಾನ, ಮಾಡಬಾರದ ಎರಡು ಮೂರು ಸಂಗತಿಗಳು. ಹತ್ತಾರು ಪುಟದ ಕೈಪಿಡಿಯನ್ನು ಯಾರೂ ಓದುವುದಿಲ್ಲ. ಹಾಳೆಯ ಜೊತೆಗೆ ಎಲ್ಲ ಕಡತಗಳನ್ನೂ ಒಂದೇ ಡ್ರೈವ್ ಫೋಲ್ಡರಿನಲ್ಲಿಟ್ಟು, ಅಭಿಮಾನಿಗಳಿಗೆ, ಪತ್ರಿಕೆಯವರಿಗೆ, ಚಿತ್ರಮಂದಿರದವರಿಗೆ ಅದರ ಕೊಂಡಿಯನ್ನೇ ಕೊಡಬೇಕು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ, ಬ್ಯಾನರಿನಲ್ಲಿ ಒಡೆದುಹೋಗುತ್ತದೆ; ಕಳುಹಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಹೊಣೆಗಾರರು ನಿರ್ದೇಶಕರೇ ಆಗಬೇಕಿಲ್ಲ. ಕಲಾ ನಿರ್ದೇಶಕರೋ ಸಹಾಯಕ ನಿರ್ದೇಶಕರೋ ಆಗಬಹುದು, ಆದರೆ ಬೇಡ ಎನ್ನುವ ಅಧಿಕಾರ ಅವರಿಗೆ ಇರಬೇಕು ಮತ್ತು ನಿರ್ಮಾಪಕರು ಅದನ್ನು ಗೌರವಿಸಬೇಕು.

ಬಿಡುಗಡೆಗೆ ಮೊದಲು ಸಿದ್ಧವಾದ ಎಲ್ಲವನ್ನೂ ಎ4 ಹಾಳೆಗಳಲ್ಲಿ ಕಪ್ಪುಬಿಳುಪಿನಲ್ಲಿ ಅಚ್ಚು ಹಾಕಿ ಒಂದು ಗೋಡೆಗೆ ಅಂಟಿಸಿ, ಸಿನಿಮಾದ ಬಗ್ಗೆ ಏನೂ ತಿಳಿಯದ ಒಬ್ಬರನ್ನು ಕರೆದು, ಇವುಗಳಲ್ಲಿ ಯಾವುದಾದರೂ ಬೇರೆ ಸಿನಿಮಾದ್ದೆಂದು ಅನ್ನಿಸುತ್ತದೆಯೇ ಎಂದು ಕೇಳಬೇಕು. ಅವರು ಬೊಟ್ಟು ಮಾಡಿದ್ದನ್ನು ವಾದಿಸದೆ ತಿದ್ದಬೇಕು. ಬಿಡುಗಡೆಯ ನಂತರದ ಎರಡನೇ ವಾರದ ಜಾಹೀರಾತು, ಚಿತ್ರೋತ್ಸವದ ಅರ್ಜಿಯ ಪೋಸ್ಟರ್, ಒಟಿಟಿಯ ಪುಟ್ಟ ಚಿತ್ರ ಇವನ್ನು ಬಹುಪಾಲು ತಂಡಗಳು ಆತುರದಲ್ಲಿ ಯಾರಿಂದಲೋ ಮಾಡಿಸುತ್ತವೆ. ಅವುಗಳ ಖಾಲಿ ಮಾದರಿಗಳನ್ನೂ ಇದೇ ಹಂತದಲ್ಲಿ ಮಾಡಿಸಿ ಫೋಲ್ಡರಿಗೆ ಸೇರಿಸಿಡಬೇಕು.