ಇಶಿಗಾಕಿ ದ್ವೀಪಕ್ಕೆ ಹೋಗುವವರಿಗೆ

ಜಪಾನಿನ ಓಕಿನಾವಾ ಕಡೆಯ ಇಶಿಗಾಕಿಗೆ ಹೊರಟಿದ್ದೀರಾ? ಫೋಟೋಗಳಲ್ಲಿ ಜಾಸ್ತಿ ಕಾಣುವ ಕಬಿರಾ ಕೊಲ್ಲಿಯಲ್ಲಿ ಈಜುವಂತಿಲ್ಲ, ನೀರಿನ ಸೆಳೆತ ಜೋರು. ಗಾಜಿನ ತಳದ ದೋಣಿ ಹತ್ತಿ ಹವಳ ನೋಡಿ. ಈಜಲು ಬೇರೆ ಬೀಚ್ ಆರಿಸಿಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ವಿಷದ ಹಾಬು ಜೆಲ್ಲಿಫಿಶ್ ಕಾಟ, ಹಾಗಾಗಿ ಬಲೆ ಕಟ್ಟಿದ ಜಾಗದಲ್ಲೇ ನೀರಿಗಿಳಿಯಿರಿ.

ತಾಕೆತೊಮಿ ದ್ವೀಪಕ್ಕೆ ಫೆರಿಯಲ್ಲಿ 10-15 ನಿಮಿಷ ಅಷ್ಟೇ, ತಪ್ಪಿಸಬೇಡಿ. ಅಲ್ಲಿ ಎಮ್ಮೆಗಾಡಿ ಹೊಡೆಯುವವರೇ ಮೂರು ತಂತಿಯ ಸಾನ್‌ಶಿನ್ ನುಡಿಸಿ ಹಾಡುತ್ತಾರೆ!

ಸಸ್ಯಾಹಾರಿಗಳು ಹುಷಾರು. ಇಲ್ಲಿನ ನೂಡಲ್ಸ್ ಆದ ಯಾಯೆಯಾಮಾ ಸೋಬಾದ ಸಾರು ಹಂದಿ, ಮೀನಿನದು. ನಮ್ಮ ಹಾಗಲಕಾಯಿಯೇ ಅಲ್ವಾ ಅಂತ ಗೋಯಾ ಚಂಪುರು ತರಿಸಿದರೆ ಅದರಲ್ಲೂ ಸಾಮಾನ್ಯವಾಗಿ ಹಂದಿಮಾಂಸ, ಮೊಟ್ಟೆ. ಕಡಲೆಕಾಯಿಯ ಜಿಮಾಮಿ ತೋಫು ಚೆನ್ನಾಗಿರುತ್ತೆ, ಸಾಸ್‌ನಲ್ಲಿ ಮೀನಿನಂಶ ಇದೆಯಾ ಅಂತ ಮಾತ್ರ ಕೇಳಿ ಹಾಕಿಸಿಕೊಳ್ಳಿ.

ಜುಲೈನಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ. ಫೆರಿ ರದ್ದಾಗಬಹುದು, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.